ಹಳೇ ಚೇತಕ್‌ಗೆ ಹೊಸ ಕಾಲದ ಇಂಜಿನ್: ಬಾಡಿ ಕತ್ತರಿಸದೆ ಕೂರಿಸುವುದು ಹೇಗೆ

"ಅಪ್ಪನ ಕಾಲದ ಚೇತಕ್ ಮನೆಯಲ್ಲಿದೆ. ಇಂಜಿನ್ ಹೋಗಿದೆ. ಈಗಿನ ಕಾಲದ ಇಂಜಿನ್ ಹಾಕಿಸಬಹುದಾ?" ಬಳ್ಳಾರಿ, ರಾಯಚೂರು, ಕೊಪ್ಪಳ ಕಡೆಯ ಓದುಗರು ಪದೇ ಪದೇ ಕೇಳುವ ಪ್ರಶ್ನೆ ಇದು. ಹಾಕಿಸಬಹುದು. ಆದರೆ ಯಾವ ಇಂಜಿನ್ ಆರಿಸುತ್ತೀರಿ ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ಇಂಜಿನ್ ಇಳಿಸಿ ಏರಿಸುವುದು ಇಡೀ ಕೆಲಸದಲ್ಲಿ ಸುಲಭದ ಭಾಗ. ಕಾಗದಪತ್ರ, ವೈರಿಂಗ್, ನಮ್ಮ ಬಿಸಿಲು ಧೂಳಿಗೆ ತಕ್ಕ ಸೆಟ್ಟಿಂಗ್, ಇವೇ ಜಾಸ್ತಿ ಸಮಯ ತಿನ್ನುತ್ತವೆ. ಅಲ್ಲೇ ಜಾಸ್ತಿ ಜನ ಎಡವುತ್ತಾರೆ.

ಈ ಲೇಖನ ಬಜಾಜ್ ಚೇತಕ್ ಮತ್ತು ಅದೇ ಮನೆತನದ ಹಳೇ ಬಜಾಜ್ ಸ್ಕೂಟರ್‌ಗಳಿಗೆ. ಬಜಾಜ್ ಕಂಪನಿ ಇಟಲಿಯ ಪಿಯಾಜಿಯೊದಿಂದ ಪರವಾನಗಿ ಪಡೆದು 1960ರ ದಶಕದಲ್ಲಿ ವೆಸ್ಪಾ ಸ್ಕೂಟರ್ ಮಾಡುತ್ತಿತ್ತು. 1972ರಲ್ಲಿ ತನ್ನದೇ ಹೆಸರಲ್ಲಿ ಚೇತಕ್ ತಂದಿತು. ಇಷ್ಟು ವರ್ಷಗಳಲ್ಲಿ ಒಂದು ವಿಷಯ ಬದಲಾಗಲಿಲ್ಲ. ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಚಕ್ರ ಮೂರೂ ಸೇರಿ ಒಂದೇ ಗಂಟು. ಆ ಗಂಟನ್ನು ಬಾಡಿಗೆ ಹಿಡಿದಿರುವುದು ಮುಂದಿನ ಒಂದು ಉದ್ದನೆಯ ಬೋಲ್ಟ್ ಮತ್ತು ಹಿಂದಿನ ಶಾಕ್ ಅಬ್ಸಾರ್ಬರ್‌ನ ಒಂದು ಬೋಲ್ಟ್. ಅದಕ್ಕೇ ಈ ಗಾಡಿಗಳಲ್ಲಿ ಇಂಜಿನ್ ಬದಲಾವಣೆ ಸಾಧ್ಯ.

ನಿಮ್ಮದು ವಿಜಯ್ ಸೂಪರ್ ಅಥವಾ ಲ್ಯಾಂಬ್ರೆಟಾ ಆಗಿದ್ದರೆ ಇಲ್ಲಿನ ಕಾಗದಪತ್ರದ ಭಾಗ ಮಾತ್ರ ಉಪಯೋಗಕ್ಕೆ ಬರುತ್ತದೆ. ಅವುಗಳ ಇಂಜಿನ್ ಗಾಡಿಯ ನಡುವೆ ಮಲಗಿರುತ್ತದೆ, ಒಳಗೆ ಚೈನ್ ಇರುತ್ತದೆ. ಅದು ಪೂರ್ತಿ ಬೇರೆಯೇ ಕೆಲಸ.

ಯಾವ ಇಂಜಿನ್?

ನನ್ನ ಸಲಹೆ ನೇರವಾಗಿದೆ. ಹಳೇ ಪಾಯಿಂಟ್ ಇಗ್ನಿಷನ್ ಚೇತಕ್‌ಗೆ ನಂತರದ ವರ್ಷಗಳ ಚೇತಕ್ ಎಲೆಕ್ಟ್ರಾನಿಕ್ ಇಂಜಿನ್ ಹಾಕಿ. ಪಾಯಿಂಟ್ ಅಂದರೆ ಇಂಜಿನ್ ಜೊತೆ ಸುತ್ತುವ ಮ್ಯಾಗ್ನೆಟ್ ಚಕ್ರದ ಒಳಗೆ ತೆರೆದು ಮುಚ್ಚುತ್ತಾ ಕಿಡಿ ಹುಟ್ಟಿಸುವ ಚಿಕ್ಕ ಸ್ವಿಚ್. ನಮ್ಮಲ್ಲಿ ಪ್ಲಾಟಿನಂ ಪಾಯಿಂಟ್ ಅನ್ನುವುದು ಇದನ್ನೇ. ಅದು ಸವೆಯುತ್ತದೆ, ಸುಡುತ್ತದೆ, ಪದೇ ಪದೇ ಗ್ಯಾಪ್ ನೋಡಬೇಕು. ಎಲೆಕ್ಟ್ರಾನಿಕ್ ಇಂಜಿನ್‌ನಲ್ಲಿ ಆ ಕೆಲಸವನ್ನು ಸಿಡಿಐ ಎಂಬ ಚಿಕ್ಕ ಪೆಟ್ಟಿಗೆ ಮಾಡುತ್ತದೆ. ಸವೆಯುವ ಭಾಗವೇ ಇಲ್ಲ. ಲೈಟ್ ಕೂಡ 6 ವೋಲ್ಟ್‌ನಿಂದ 12 ವೋಲ್ಟ್‌ಗೆ ಏರುತ್ತದೆ. ರಾತ್ರಿ ಸಿರುಗುಪ್ಪ ರಸ್ತೆಯಲ್ಲಿ ಎದುರಿಗೆ ಭತ್ತದ ಲಾರಿ ಬಂದಾಗ ಆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನೊಂದು ಲಾಭ ಕಾಗದದ್ದು. ಎರಡೂ ಒಂದೇ ಕಂಪನಿಯವು. ಎರಡರ ಬೋರ್ (ಪಿಸ್ಟನ್ ಓಡುವ ಸಿಲಿಂಡರಿನ ಒಳ ಅಗಲ) 57 ಮಿಮೀ, ಸ್ಟ್ರೋಕ್ (ಪಿಸ್ಟನ್ ಏರಿಳಿಯುವ ದೂರ) 57 ಮಿಮೀ, ಸಾಮರ್ಥ್ಯ 145.45 ಸಿಸಿ. ಆರ್‌ಸಿಯಲ್ಲಿ ಬದಲಾಗುವುದು ಇಂಜಿನ್ ನಂಬರ್ ಮಾತ್ರ.

ಕಾನ್ಪುರದ ಎಲ್‌ಎಂಎಲ್ ಕಂಪನಿಯ ವೆಸ್ಪಾ ಇಂಜಿನ್ ಕೂಡ ಇದೇ ಮನೆತನದ್ದು. ರೀಡ್ ವಾಲ್ವ್ ಇರುವ ಇಂಜಿನ್‌ಗಳು ಚುರುಕಾಗಿ ಎಳೆಯುತ್ತವೆ. ರೀಡ್ ವಾಲ್ವ್ ಅಂದರೆ ಒಳಗೆ ಹೋದ ಮಿಶ್ರಣ ವಾಪಸ್ ಬರದಂತೆ ತಡೆಯುವ ತೆಳು ಪಟ್ಟಿ. ಆದರೆ ಕಂಪನಿ ಬೇರೆ ಆಗುವುದರಿಂದ ಆರ್‌ಟಿಓದಲ್ಲಿ ಪ್ರಶ್ನೆ ಜಾಸ್ತಿ. ಬೋಲ್ಟ್, ಶಾಕ್ ಅಬ್ಸಾರ್ಬರ್ ಹಿಡಿತದಲ್ಲೂ ಅಲ್ಪಸ್ವಲ್ಪ ಹೊಂದಾಣಿಕೆ ಬೇಕಾಗಬಹುದು. ಫೋರ್ ಸ್ಟ್ರೋಕ್ ಇಂಜಿನ್ ಮೈಲೇಜ್ ಕೊಡುತ್ತದೆ, ಪೆಟ್ರೋಲ್‌ಗೆ ಆಯಿಲ್ ಬೆರೆಸುವ ಕೆಲಸ ಇಲ್ಲ. ಆದರೆ ಅದರ ಹೆಡ್ ದಪ್ಪ. ಬಲಗಡೆ ಕವರ್ ಮುಚ್ಚುತ್ತದಾ, ಶಾಕ್ ಅಬ್ಸಾರ್ಬರ್ ಅದೇ ಜಾಗಕ್ಕೆ ಬರುತ್ತದಾ ಅಂತ ಅಳೆದು ನೋಡದೆ ದುಡ್ಡು ಕೊಡಬೇಡಿ.

ಒಂದನ್ನು ಮಾತ್ರ ಮಾಡಲೇಬೇಡಿ. ಗೇರ್ ಇಲ್ಲದ ಸ್ಕೂಟರ್ ಅಥವಾ ಬೈಕ್ ಇಂಜಿನ್ ತಂದು, "ಸ್ವಲ್ಪ ಕಟ್ ಮಾಡಿದ್ರ ಸಾಕ್ರೀ, ಆರಾಮ ಕುಂದರ್ತೈತಿ" ಅನ್ನುವ ಮಾತಿಗೆ ಒಪ್ಪಬೇಡಿ. ಚೇತಕ್‌ಗೆ ಬೇರೆ ಚಾಸಿ ಅಂತ ಇಲ್ಲ. ತಗಡಿನ ಬಾಡಿಯೇ ಚಾಸಿ. ಹಿಂದಿನ ಚಕ್ರದ ಹತ್ತಿರ ಕತ್ತರಿಸಿ ಬೆಸುಗೆ ಹಾಕಿದರೆ ಇಬ್ಬರು ಕೂತಾಗ ಬಾಡಿ ಅಲ್ಲೇ ಬಿರುಕು ಬಿಡುತ್ತದೆ. ಆ ಬಿರುಕು ಬಣ್ಣದ ಕೆಳಗೆ ಬೆಳೆಯುತ್ತದೆ, ಕಣ್ಣಿಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ. ಜೊತೆಗೆ ಒಮ್ಮೆ ಕತ್ತರಿಸಿದ ಬಾಡಿಯನ್ನು ಮೊದಲಿನಂತೆ ಮಾಡಲು ಆಗುವುದಿಲ್ಲ. ಬೋಲ್ಟ್ ಮೇಲೆ ಕೂರುವ ಇಂಜಿನ್ ಆದರೆ ನಾಳೆ ಬೇಕೆಂದಾಗ ಬಿಚ್ಚಿ ಹಳೇದನ್ನೇ ಹಾಕಬಹುದು.

ಹಂತ 1: ಮೊದಲು ಕಾಗದ

ಇಂಜಿನ್ ಕೊಳ್ಳುವ ಮುಂಚೆಯೇ ನಿಮ್ಮ ಆರ್‌ಟಿಓ ಕಚೇರಿಗೆ ಹೋಗಿ. ಕೆಎ-34 ಬಳ್ಳಾರಿ, ಕೆಎ-35 ಹೊಸಪೇಟೆ, ಕೆಎ-36 ರಾಯಚೂರು, ಕೆಎ-37 ಕೊಪ್ಪಳ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇಂಥ ಬದಲಾವಣೆಗೆ ಸಂಬಂಧಿಸಿದ್ದು. ಮೊದಲು ಅನುಮತಿ, ಆಮೇಲೆ ಬದಲಾವಣೆ. ಬದಲಾಯಿಸಿದ 14 ದಿನದೊಳಗೆ ತಿಳಿಸಿ, ಹೊಸ ಇಂಜಿನ್ ನಂಬರನ್ನು ಆರ್‌ಸಿಯಲ್ಲಿ ಬರೆಸಿಕೊಳ್ಳಬೇಕು. ತಯಾರಕರ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದೇ ಕಲಂ ಮೇಲೆ ತೀರ್ಪು ಕೊಟ್ಟಿದೆ. ಅದೇ ಕಂಪನಿಯ, ಅದೇ ಬಗೆಯ ಇಂಜಿನ್ ಆರಿಸಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಆರ್‌ಸಿ ಅವಧಿ ಮುಗಿದಿದ್ದರೆ ಮೊದಲು ಅದನ್ನು ನವೀಕರಿಸಿ. ಸ್ವಂತ ಬಳಕೆಯ ಗಾಡಿಗೆ ಮೊದಲ ನೋಂದಣಿ 15 ವರ್ಷ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. ಅದಕ್ಕೆ ಫಾರಂ 25 ಬೇಕು. ನವೀಕರಣಕ್ಕೆ ಗಾಡಿ ತೋರಿಸಬೇಕಾಗುತ್ತದೆ. ಆದ್ದರಿಂದ ಯಾವುದು ಮೊದಲು, ಯಾವುದು ಆಮೇಲೆ ಅಂತ ಕಚೇರಿಯಲ್ಲೇ ಕೇಳಿಕೊಳ್ಳಿ. ಗಾಡಿ ಇನ್ನೂ ತಂದೆ ಅಥವಾ ಅಜ್ಜನ ಹೆಸರಲ್ಲಿದ್ದರೆ ಹೆಸರು ಬದಲಾವಣೆ ಮುಗಿಸಿಯೇ ಮುಂದೆ ಹೋಗಿ.

ಇಲ್ಲೊಂದು ಮುಖ್ಯ ಎಚ್ಚರಿಕೆ. ನಿಮ್ಮ ಸ್ಕೂಟರ್‌ಗೆ 50 ವರ್ಷ ಆಗಿದೆಯಾ, ಅಥವಾ ಆಗುವ ಹತ್ತಿರ ಇದೆಯಾ? 2021ರಲ್ಲಿ ಬಂದ ನಿಯಮದ ಪ್ರಕಾರ ಮೊದಲ ನೋಂದಣಿಯಿಂದ 50 ವರ್ಷ ದಾಟಿದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರು ನೋಂದಣಿಗೆ 5,000 ರೂಪಾಯಿ. ಆದರೆ ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ, ಇಂಜಿನ್ ಯಾವುದರಲ್ಲೂ ದೊಡ್ಡ ಬದಲಾವಣೆ ಆಗಿರಬಾರದು. ಇಂಜಿನ್ ಬದಲಿಸಿದರೆ ಆ ದಾರಿ ಮುಚ್ಚುತ್ತದೆ. ವಿಂಟೇಜ್ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ, ಪ್ರದರ್ಶನ, ರ‍್ಯಾಲಿಯಂಥದಕ್ಕೆ ಮಾತ್ರ. ಹಾಗಾಗಿ ದಿನವೂ ಓಡಿಸುವ ಆಸೆಯಾ, ಮೂಲ ರೂಪದಲ್ಲಿ ಉಳಿಸುವ ಆಸೆಯಾ ಅಂತ ಈಗಲೇ ಮನೆಯಲ್ಲಿ ಕೂತು ತೀರ್ಮಾನ ಮಾಡಿ. 1970ರ ದಶಕದ ಗಾಡಿಯಾಗಿದ್ದು ಹಳೇ ಇಂಜಿನ್ ರಿಪೇರಿಗೆ ಬರುವಂತಿದ್ದರೆ, ಬೋರ್ ಮಾಡಿಸಿ ಅದನ್ನೇ ಓಡಿಸಿ. ನಾನಾದರೆ ಹಾಗೇ ಮಾಡುತ್ತೇನೆ.

ಹಂತ 2: ಇಂಜಿನ್ ಹುಡುಕುವುದು, ಅಳೆಯುವುದು

ಚೇತಕ್ ಹೊಸ ಇಂಜಿನ್ ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುವುದು ಬಳಸಿದ ಇಂಜಿನ್. ಊರಿನ ಹಳೇ ಗ್ಯಾರೇಜ್, ಗುಜರಿ ಅಂಗಡಿಗಳಲ್ಲಿ ಮೊದಲು ಕೇಳಿ. ಸ್ಕೂಟರ್ ಕಾಲದ ಮೆಕ್ಯಾನಿಕ್‌ಗಳು ಇನ್ನೂ ಇದ್ದಾರೆ, ಯಾರ ಮನೆಯ ಹಿತ್ತಲಲ್ಲಿ ಯಾವ ಗಾಡಿ ನಿಂತಿದೆ ಅಂತ ಅವರಿಗೆ ಗೊತ್ತಿರುತ್ತದೆ. ಇಲ್ಲದಿದ್ದರೆ ರಾಯಚೂರಿನವರಿಗೆ ಹೈದರಾಬಾದ್ ಕಡೆಯ ರಾಣಿಗಂಜ್ ಹತ್ತಿರ, ಬಳ್ಳಾರಿಯವರಿಗೆ ಬೆಂಗಳೂರಿನ ಜೆ.ಸಿ. ರಸ್ತೆ. ಬಿಡಿ ಭಾಗಗಳಿಗೂ ಈ ಎರಡು ಜಾಗ ಒಳ್ಳೇದು.

ಬಿಲ್ ಇಲ್ಲದ ಇಂಜಿನ್ ಎಷ್ಟೇ ಅಗ್ಗ ಇರಲಿ, ಬಿಡಿ. ಮಾರುವವರಿಂದ ಬಿಲ್, ಆ ಇಂಜಿನ್ ಇದ್ದ ಗಾಡಿಯ ಆರ್‌ಸಿ ಪ್ರತಿ ಎರಡೂ ಪಡೆಯಿರಿ. ಇಂಜಿನ್ ನಂಬರ್ ಹಿಂಬದಿಯಲ್ಲಿ, ಶಾಕ್ ಅಬ್ಸಾರ್ಬರ್ ಕೂರುವ ಜಾಗದ ಹತ್ತಿರ ಕೊರೆದಿರುತ್ತದೆ. ಆ ನಂಬರ್ ಆರ್‌ಸಿಗೆ ಹೊಂದುತ್ತದಾ ನೋಡಿ. ಉಜ್ಜಿದ ಗುರುತು, ಮತ್ತೆ ಪಂಚ್ ಹೊಡೆದ ಗುರುತು ಇದ್ದರೆ ವಾಪಸ್ ಬನ್ನಿ. ನೀವೂ ಹಳೇ ನಂಬರನ್ನು ಹೊಸ ಇಂಜಿನ್ ಮೇಲೆ ಹೊಡೆಸುವ ಯೋಚನೆ ಮಾಡಬೇಡಿ. ಅದು ಅಪರಾಧ.

ಅಳತೆ ಪಟ್ಟಿ, ವರ್ನಿಯರ್ ಕ್ಯಾಲಿಪರ್ ಜೊತೆಗೆ ಇಟ್ಟುಕೊಂಡು ಹೋಗಿ. ನಿಮ್ಮ ಗಾಡಿಯಲ್ಲೂ, ಕೊಳ್ಳುವ ಇಂಜಿನ್‌ನಲ್ಲೂ ಇಷ್ಟನ್ನು ಹೋಲಿಸಿ. ಮುಂದಿನ ಉದ್ದನೆಯ ಬೋಲ್ಟ್ ಹಾದುಹೋಗುವ ತೋಳಿನ ಅಗಲ, ರಂಧ್ರದ ವ್ಯಾಸ. ಶಾಕ್ ಅಬ್ಸಾರ್ಬರ್ ಬೋಲ್ಟ್‌ನ ದಪ್ಪ. ಗೇರ್ ಕೇಬಲ್ ಸೇರುವ ಪೆಟ್ಟಿಗೆ ಯಾವ ಬದಿಗೆ ಮುಖ ಮಾಡಿದೆ. ಕಾರ್ಬೊರೇಟರ್ ಡಬ್ಬಿಯ ಗಾಳಿ ಬಾಯಿ ಬಾಡಿಯ ರಂಧ್ರದ ಎದುರಿಗೆ ಬರುತ್ತದಾ. ಸೈಲೆನ್ಸರ್ ಹಳೇದೇ ಕೂರುತ್ತದಾ. ಹಿಂದಿನ ಡ್ರಮ್‌ನ ಬೋಲ್ಟ್‌ಗಳ ಸಂಖ್ಯೆ, ಅಂತರ.

ಚಕ್ರದ ವಿಷಯದಲ್ಲಿ ಹುಷಾರಾಗಿರಿ. ಬಜಾಜ್ ಸೂಪರ್‌ಗೆ 8 ಇಂಚಿನ ಚಕ್ರ, ಚೇತಕ್‌ಗೆ 10 ಇಂಚು. ಸೂಪರ್ ಬಾಡಿಗೆ ಚೇತಕ್ ಇಂಜಿನ್ ಹಾಕಿದರೆ ಹಿಂದಿನ ಚಕ್ರ ಬಾಡಿಗೆ ತಾಗುತ್ತದಾ, ಸ್ಟ್ಯಾಂಡ್ ಹಾಕಿದಾಗ ಚಕ್ರ ನೆಲ ಬಿಡುತ್ತದಾ ಅಂತ ನೋಡಬೇಕು. ಸ್ಟೆಪ್ನಿಯೂ ಒಂದೇ ಆಗುವುದಿಲ್ಲ. ಸ್ಪೀಡೋಮೀಟರ್ ಮಾತ್ರ ಚಿಂತೆ ಇಲ್ಲ, ಅದು ಮುಂದಿನ ಚಕ್ರದಿಂದ ಓಡುತ್ತದೆ.

ಹಂತ 3: ತಂದ ಇಂಜಿನ್ ಬಿಚ್ಚಿ ನೋಡುವುದು

"ಓಡ್ತಾ ಇದ್ದ ಇಂಜಿನ್ ಸಾರ್" ಅಂತ ಹೇಳಿದ್ದಾರೆ ಅಂದ ಮಾತ್ರಕ್ಕೆ ಹಾಗೇ ಏರಿಸಬೇಡಿ. ವರ್ಷಗಟ್ಟಲೆ ನಿಂತ ಇಂಜಿನ್‌ನಲ್ಲಿ ಆಯಿಲ್ ಸೀಲ್ ಒಣಗಿ ಗಟ್ಟಿಯಾಗಿರುತ್ತವೆ. ಇಂಜಿನ್‌ಗೆ ಕೊಟ್ಟ ದುಡ್ಡಿನ ಅರ್ಧದಷ್ಟನ್ನಾದರೂ ಈ ಕೆಲಸಕ್ಕೆ ಎತ್ತಿಡಿ.

ಸೀಲ್‌ಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಟೂ ಸ್ಟ್ರೋಕ್ ಇಂಜಿನ್‌ನ ಅರ್ಧ ರೋಗ ಅಲ್ಲಿಂದಲೇ ಬರುತ್ತದೆ. ಪಿಸ್ಟನ್ ತಿರುಗಿಸುವ ದಂಡ, ಅಂದರೆ ಕ್ರ್ಯಾಂಕ್‌ನ ಎರಡೂ ಬದಿಗೆ ಒಂದೊಂದು ಸೀಲ್. ಮ್ಯಾಗ್ನೆಟ್ ಬದಿಯ ಸೀಲ್ ಹೋದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗುತ್ತದೆ, ಜೊತೆಗಿದ್ದ ಆಯಿಲ್ ಕೂಡ ಕಡಿಮೆಯಾಗುತ್ತದೆ. ಇಂಜಿನ್ ಕಾದು ಪಿಸ್ಟನ್ ಬೋರ್‌ಗೆ ಕಚ್ಚಿಕೊಳ್ಳುತ್ತದೆ. ಸೀಜ್ ಆಯ್ತು ಅನ್ನುವುದು ಇದನ್ನೇ. ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ತಾನಾಗಿ ಜೋರಾಗಿ ಓಡುವುದು ಇದರ ಗುರುತು. ಕ್ಲಚ್ ಬದಿಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಸೇರಿ ಸುಡುತ್ತದೆ. ಸೈಲೆನ್ಸರ್‌ನಿಂದ ದಟ್ಟ ಬಿಳಿ ಹೊಗೆ, ಗೇರ್ ಆಯಿಲ್ ದಿನೇ ದಿನೇ ಖಾಲಿ. ಬೇರೆ ಊರಲ್ಲಿ ಸೀಲ್ ಸ್ವಲ್ಪ ಸೋರಿದರೂ ಹೇಗೋ ಓಡಬಹುದು. 40 ಡಿಗ್ರಿ ದಾಟುವ ನಮ್ಮ ಏಪ್ರಿಲ್, ಮೇನಲ್ಲಿ ಅದೇ ಸೋರಿಕೆ ಪಿಸ್ಟನ್ ತೆಗೆಯುತ್ತದೆ. ಎರಡೂ ಸೀಲ್, ಕ್ರ್ಯಾಂಕ್ ಬೇರಿಂಗ್, ಎಲ್ಲಾ ಪ್ಯಾಕಿಂಗ್ ಹೊಸದೇ ಹಾಕಿ.

ಬೋರ್, ಪಿಸ್ಟನ್ ಅಳೆಸಿ. ಗೀರು ಇದ್ದರೆ ಲೇತ್‌ನಲ್ಲಿ ಬೋರ್ ಮಾಡಿಸಿ, ಮುಂದಿನ ಅಳತೆಯ ಪಿಸ್ಟನ್ ಹಾಕಿಸಿ. ಕನೆಕ್ಟಿಂಗ್ ರಾಡನ್ನು ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಸ್ವಲ್ಪವೂ ಆಟ ಇರಬಾರದು, ಪಕ್ಕಕ್ಕೆ ಮಾತ್ರ ಚೂರು ಸರಿಯಬಹುದು. ಗೇರ್‌ಗಳ ನಡುವೆ ನಾಲ್ಕು ಕೈಗಳ ಒಂದು ಉಕ್ಕಿನ ಭಾಗ ಇರುತ್ತದೆ, ಗೇರ್ ಹಿಡಿಯುವುದು ಅದೇ. ಅದರ ಅಂಚು ದುಂಡಗಾಗಿದ್ದರೆ ಓಡುವಾಗ ಗೇರ್ ಜಾರುತ್ತದೆ. ಕ್ಲಚ್ ಪ್ಲೇಟ್ ಹೊಸದು ಹಾಕಿ, ಹಾಕುವ ಮುಂಚೆ ಒಂದು ರಾತ್ರಿ ಆಯಿಲ್‌ನಲ್ಲಿ ನೆನೆಸಿಡಿ.

ಮ್ಯಾಗ್ನೆಟ್ ತೆಗೆಯಲು ಪುಲ್ಲರ್ ಬಳಸಿ. ಸುತ್ತಿಗೆ ಹೊಡೆದರೆ ಕ್ರ್ಯಾಂಕ್ ಡೊಂಕಾಗುತ್ತದೆ, ಮ್ಯಾಗ್ನೆಟ್ ಒಳಗಿನ ಅಯಸ್ಕಾಂತ ಸಡಿಲವಾಗುತ್ತದೆ. ಅದರ ಕೆಳಗಿನ ಅರ್ಧಚಂದ್ರದ ಕೀ ಸವೆದಿದೆಯಾ ನೋಡಿ. ಆ ಚಿಕ್ಕ ಕೀ ಜಾರಿದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಪೂರ್ತಿ ತಪ್ಪುತ್ತದೆ.

ಫ್ಯಾನ್ ಗಾಳಿಯನ್ನು ಬೋರ್ ಕಡೆ ತಿರುಗಿಸುವ ತಗಡಿನ ಕವಚ ಇದೆಯಾ? ಬಳಸಿದ ಇಂಜಿನ್‌ಗಳಲ್ಲಿ ಅದು ಒಡೆದಿರುತ್ತದೆ ಅಥವಾ ಕಳೆದಿರುತ್ತದೆ. ಅದಿಲ್ಲದೆ ನಮ್ಮ ಬಿಸಿಲಲ್ಲಿ ಈ ಇಂಜಿನ್ ಓಡಿಸಲೇಬಾರದು. ಬೋರ್ ಮತ್ತು ಹೆಡ್ ಮೇಲಿನ ರೆಕ್ಕೆಗಳ ನಡುವೆ ಆಯಿಲ್ ಸೇರಿ ಗಟ್ಟಿಯಾದ ಧೂಳನ್ನೂ ಕೆರೆದು ತೆಗೆಯಿರಿ.

ಹಂತ 4: ಹಳೇ ಇಂಜಿನ್ ಇಳಿಸುವುದು

ಒಬ್ಬರೇ ಮಾಡಬೇಡಿ, ಜೊತೆಗೊಬ್ಬರು ಇರಲಿ. ಬಿಚ್ಚುವ ಮುಂಚೆ ಎಲ್ಲಾ ಕಡೆಯಿಂದ ಮೊಬೈಲ್‌ನಲ್ಲಿ ಫೋಟೋ ತೆಗೆಯಿರಿ.

ಪೆಟ್ರೋಲ್ ಕಾಕ್ ಮುಚ್ಚಿ. ಬಲಗಡೆ ಕವರ್ ತೆಗೆಯಿರಿ. ಕಾರ್ಬೊರೇಟರ್ ಡಬ್ಬಿಯ ಮುಚ್ಚಳ ಬಿಚ್ಚಿ ಆಕ್ಸಿಲರೇಟರ್ ಕೇಬಲ್, ಚೋಕ್ ಕೇಬಲ್, ಪೆಟ್ರೋಲ್ ಪೈಪ್ ಬಿಡಿಸಿ. ಪ್ಲಗ್ ಕ್ಯಾಪ್ ಎಳೆಯಿರಿ. ಇಂಜಿನ್‌ನಿಂದ ಬರುವ ವೈರ್‌ಗಳು ಬಾಡಿಯ ವೈರ್‌ಗಳಿಗೆ ಸೇರುವ ಕಪ್ಪು ಡಬ್ಬಿ ತೆರೆದು, ಒಂದೊಂದಕ್ಕೂ ಚೀಟಿ ಕಟ್ಟಿ ಬಿಚ್ಚಿ. ಕೆಳಗಿನಿಂದ ಕ್ಲಚ್ ಕೇಬಲ್, ಹಿಂದಿನ ಬ್ರೇಕ್ ಕೇಬಲ್, ಎರಡು ಗೇರ್ ಕೇಬಲ್ ಸಡಿಲಿಸಿ. ಸೈಲೆನ್ಸರ್ ತೆಗೆದರೆ ಕೈ ಆಡಲು ಜಾಗ ಸಿಗುತ್ತದೆ.

ಈಗ ಬಾಡಿಯ ಕೆಳಗೆ, ಕಾಲಿಡುವ ಜಾಗದ ಅಡಿ, ಮರದ ದಿಮ್ಮಿ ಕೊಟ್ಟು ನಿಲ್ಲಿಸಿ. ಸ್ಟ್ಯಾಂಡ್ ಒಂದನ್ನೇ ನಂಬಬೇಡಿ. ಶಾಕ್ ಅಬ್ಸಾರ್ಬರ್ ಕೆಳಗಿನ ಬೋಲ್ಟ್ ತೆಗೆಯಿರಿ, ಆಮೇಲೆ ಮುಂದಿನ ಉದ್ದನೆಯ ಬೋಲ್ಟ್. ಇದು ತುಕ್ಕು ಹಿಡಿದು ಜಾಮ್ ಆಗಿರುವುದು ಸಾಮಾನ್ಯ. ಹಿಂದಿನ ದಿನವೇ ತುಕ್ಕು ಬಿಡಿಸುವ ಆಯಿಲ್ ಹಾಕಿಡಿ. ನಟ್ ಅನ್ನು ತುದಿಗೆ ಸಮವಾಗಿ ತಿರುಗಿಸಿಟ್ಟು ಅದರ ಮೇಲೆ ಹಿತ್ತಾಳೆ ತುಂಡಿಟ್ಟು ಹೊಡೆದರೆ ಬೋಲ್ಟ್‌ನ ಮರೆ (ಥ್ರೆಡ್) ಹಾಳಾಗುವುದಿಲ್ಲ. ಬೋಲ್ಟ್ ಬಂದ ಮೇಲೆ ಒಬ್ಬರು ಬಾಡಿಯ ಹಿಂಭಾಗ ಎತ್ತಿ ಹಿಡಿಯಲಿ, ಇನ್ನೊಬ್ಬರು ಇಂಜಿನ್ನನ್ನು ಅದರದೇ ಚಕ್ರದ ಮೇಲೆ ಹಿಂದಕ್ಕೆ ಉರುಳಿಸಲಿ.

ಹಳೇ ಇಂಜಿನ್ನನ್ನು ಗುಜರಿಗೆ ಹಾಕಬೇಡಿ. ಗೇರ್ ಆಯಿಲ್ ಇಳಿಸಿ, ಪ್ಲಗ್ ರಂಧ್ರದಿಂದ ಸ್ವಲ್ಪ 2ಟಿ ಆಯಿಲ್ (ಪೆಟ್ರೋಲ್‌ಗೆ ಬೆರೆಸುವ ಆಯಿಲ್) ಬಿಟ್ಟು ಕಿಕ್ಕರ್ ನಾಲ್ಕು ಬಾರಿ ಒತ್ತಿ, ಎಲ್ಲಾ ಬಾಯಿಗಳಿಗೂ ಬಟ್ಟೆ ತುರುಕಿ, ಒಣ ಜಾಗದಲ್ಲಿ ಎತ್ತಿಡಿ. ಗಾಡಿಯ ಮೂಲ ನಂಬರ್ ಇರುವುದು ಅದರ ಮೇಲೆಯೇ ಅಲ್ವಾ?

ಹಂತ 5: ಇಂಜಿನ್ ಇಲ್ಲದಾಗ ಮಾಡಬೇಕಾದ ಕೆಲಸ

ಬಾಡಿ ಖಾಲಿ ಇರುವ ಈ ಸಮಯ ಮತ್ತೆ ಸಿಗುವುದಿಲ್ಲ. ಬೋಲ್ಟ್ ಹಾದುಹೋಗುವ ಜಾಗ, ಶಾಕ್ ಅಬ್ಸಾರ್ಬರ್ ಮೇಲಿನ ಹಿಡಿತ, ಸ್ಟ್ಯಾಂಡ್ ಹಿಡಿತ, ಕಾಲಿಡುವ ತಗಡು, ಎಲ್ಲಾ ಕಡೆ ಕೆರೆದು ತುಕ್ಕು ನೋಡಿ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಹೋಗುವಂತಿದ್ದರೆ ಇಂಜಿನ್ ಕೆಲಸ ನಿಲ್ಲಿಸಿ, ಮೊದಲು ತಗಡು ಬದಲಿಸಿ.

ಕೇಬಲ್ ಎಲ್ಲವೂ ಹೊಸದು ಹಾಕಿ. ಹೊರಗಿನ ಕೊಳವೆ ಬದಲಿಸುವುದಿದ್ದರೆ ಹಳೇದನ್ನು ಸುಮ್ನೆ ಎಳೆದು ಬಿಸಾಡಬೇಡಿ. ಅದರ ತುದಿಗೆ ಗಟ್ಟಿ ದಾರ ಕಟ್ಟಿ ಎಳೆಯಿರಿ, ಅದೇ ದಾರದಿಂದ ಹೊಸದನ್ನು ಒಳಗೆ ತರಬಹುದು. ಇಲ್ಲದಿದ್ದರೆ ಬಾಡಿಯ ಒಳಗೆ ದಾರಿ ಹುಡುಕುತ್ತಾ ಅರ್ಧ ದಿನ ಹೋಗುತ್ತದೆ.

ಹಂತ 6: ಹೊಸ ಇಂಜಿನ್ ಏರಿಸುವುದು

ಇಂಜಿನ್ ತೋಳಿನ ಎರಡು ತುದಿಗಳಲ್ಲಿ ಸೈಲೆಂಟ್ ಬ್ಲಾಕ್ ಇರುತ್ತವೆ. ಕಬ್ಬಿಣದ ಕೊಳವೆಗೆ ಅಂಟಿಸಿದ ರಬ್ಬರ್ ಬುಶ್ ಅದು. ರಬ್ಬರ್ ಕುಸಿದಿದ್ದರೆ ಹಿಂದಿನ ಚಕ್ರ ಓರೆಯಾಗಿ ನಿಲ್ಲುತ್ತದೆ, ತಿರುವಿನಲ್ಲಿ ಗಾಡಿ ಹಿಂಭಾಗ ಅಲ್ಲಾಡುತ್ತದೆ. ಹೊಸದನ್ನು ಪ್ರೆಸ್‌ನಲ್ಲೇ ಹಾಕಿಸಿ.

ಇಂಜಿನ್ ಒಳಗೆ ಉರುಳಿಸಿ, ಮೊದಲು ಮುಂದಿನ ಬೋಲ್ಟ್‌ಗೆ ಗ್ರೀಸ್ ಹಚ್ಚಿ ಹಾಕಿ. ನಟ್ ಕೈಯಿಂದ ಮಾತ್ರ ತಿರುಗಿಸಿ. ಆಮೇಲೆ ಶಾಕ್ ಅಬ್ಸಾರ್ಬರ್ ಬೋಲ್ಟ್. ಗಾಡಿಯನ್ನು ಎರಡೂ ಚಕ್ರದ ಮೇಲೆ ಇಳಿಸಿ, ಒಬ್ಬರನ್ನು ಸೀಟಿನ ಮೇಲೆ ಕೂರಿಸಿ, ಆಮೇಲೆಯೇ ಮುಂದಿನ ನಟ್ ಪೂರ್ತಿ ಬಿಗಿ ಮಾಡಿ. ಚಕ್ರ ಗಾಳಿಯಲ್ಲಿದ್ದಾಗ ಬಿಗಿ ಮಾಡಿದರೆ ರಬ್ಬರ್ ಆ ಸ್ಥಿತಿಯಲ್ಲೇ ಹಿಡಿದುಕೊಳ್ಳುತ್ತದೆ, ಭಾರ ಬಿದ್ದಾಗ ತಿರುಚಿ ಬೇಗ ಹರಿಯುತ್ತದೆ. ಗ್ಯಾರೇಜ್‌ಗಳಲ್ಲಿ ಬಹಳ ಮಂದಿ ಇದನ್ನು ಗಮನಿಸುವುದಿಲ್ಲ, ಪಕ್ಕದಲ್ಲಿ ನಿಂತು ಹೇಳಿ ಮಾಡಿಸಿ.

ಹಿಂದಿನ ಹಬ್ ನಟ್ ಗಟ್ಟಿಯಾಗಿ ಬಿಗಿದು ಹೊಸ ಸ್ಪ್ಲಿಟ್ ಪಿನ್ ಹಾಕಿ. ಇದು ಸಡಿಲ ಇದ್ದರೆ ಹಬ್ ಒಳಗಿನ ಹಲ್ಲುಗಳು ತಿಂದುಹೋಗುತ್ತವೆ.

ಗೇರ್ ಕೇಬಲ್ ಹೊಂದಿಸುವಾಗ ಇಂಜಿನ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡಲ್‌ನ ಗುರುತೂ ನ್ಯೂಟ್ರಲ್‌ಗೆ ಬರಲಿ. ಹಾಗಿಟ್ಟು ಎರಡೂ ಕೇಬಲ್ ಸಮವಾಗಿ ಬಿಗಿ ಮಾಡಿ. ಒಂದು ಬಿಗಿ ಒಂದು ಸಡಿಲ ಆದರೆ ನಾಲ್ಕನೇ ಗೇರ್ ಬೀಳುವುದಿಲ್ಲ, ಅಥವಾ ಒಂದನೇ ಗೇರ್ ಜಾರುತ್ತದೆ. ಕ್ಲಚ್ ಲಿವರ್‌ನಲ್ಲಿ ಚೂರು ಸಡಿಲ ಬಿಡಿ. ಗೇರ್ ಆಯಿಲ್ ಎಸ್‌ಎಇ 30, ಸುಮಾರು 250 ಮಿಲಿ. ಗಾಡಿ ನೇರ ನಿಲ್ಲಿಸಿ, ತುಂಬುವ ರಂಧ್ರದ ಅಂಚಿಗೆ ಬರುವ ತನಕ ಹಾಕಿ.

ಹಂತ 7: ವೈರಿಂಗ್

ಇಲ್ಲಿ ಅವಸರ ಬೇಡ. ಹಳೇ ಗಾಡಿ 6 ವೋಲ್ಟ್, ಹೊಸ ಇಂಜಿನ್ 12 ವೋಲ್ಟ್. ಹಾಗಾಗಿ ಹೆಡ್‌ಲೈಟ್, ಹಿಂದಿನ ಲೈಟ್, ಸ್ಪೀಡೋಮೀಟರ್ ಬಲ್ಬ್, ಹಾರ್ನ್ ಎಲ್ಲವೂ 12 ವೋಲ್ಟ್‌ನದ್ದಾಗಬೇಕು. ಒಂದು 6 ವೋಲ್ಟ್ ಬಲ್ಬ್ ಉಳಿದರೂ ಇಂಜಿನ್ ಜೋರಾಗಿ ಓಡಿಸಿದ ಕೂಡಲೇ ಸುಟ್ಟುಹೋಗುತ್ತದೆ. ಜೊತೆಗೆ ರೆಗ್ಯುಲೇಟರ್ ಬೇಕೇ ಬೇಕು. ಇಂಜಿನ್ ಜೋರಾಗಿ ಓಡಿದಾಗ ವೋಲ್ಟೇಜ್ ಮಿತಿ ಮೀರದಂತೆ ತಡೆಯುವುದು ಅದೇ. ಅದನ್ನು ಬಣ್ಣ ಕೆರೆದ ಬರಿ ತಗಡಿಗೆ ಬಿಗಿಯಿರಿ. ಬಣ್ಣದ ಮೇಲೆ ಕೂರಿಸಿದರೆ ಅರ್ಥಿಂಗ್ ಸಿಗುವುದಿಲ್ಲ, ಬಲ್ಬ್‌ಗಳು ಸಾಲಾಗಿ ಹೋಗುತ್ತವೆ.

ಸಿಡಿಐಯಿಂದ ಬರುವ ಒಂದು ವೈರ್ ಇಂಜಿನ್ ಆಫ್ ಮಾಡಲು ಇರುವುದು. ಅದನ್ನು ಅರ್ಥ್‌ಗೆ ಮುಟ್ಟಿಸಿದರೆ ಇಂಜಿನ್ ನಿಲ್ಲುತ್ತದೆ. ಅದಕ್ಕೆ ಬ್ಯಾಟರಿಯ ಅಥವಾ ಲೈಟಿನ ಕರೆಂಟ್ ಯಾವ ಕಾರಣಕ್ಕೂ ಕೊಡಬೇಡಿ, ಸಿಡಿಐ ಅಲ್ಲೇ ಸುಡುತ್ತದೆ. ವೈರಿನ ಬಣ್ಣ ನೋಡಿ ಜೋಡಿಸಬೇಡಿ. ವರ್ಷದಿಂದ ವರ್ಷಕ್ಕೆ ಬಣ್ಣ ಬದಲಾಗಿದೆ, ಮಧ್ಯೆ ಯಾರೋ ಜೋಡಿಸಿದ ತುಂಡುಗಳೂ ಇರುತ್ತವೆ. ಮಲ್ಟಿಮೀಟರ್ ಹಿಡಿದು ಒಂದೊಂದೇ ವೈರ್ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ನೋಡಿ. ಹಳೇ ವೈರ್ ಬಗ್ಗಿಸಿದರೆ ಮೇಲಿನ ಪದರ ಉದುರುತ್ತದಾ? ಹಾಗಾದರೆ ಪೂರ್ತಿ ವೈರಿಂಗ್ ಹೊಸದು ಮಾಡಿಸುವುದೇ ಒಳ್ಳೇದು.

ಹಂತ 8: ಗಾಳಿ, ಪೆಟ್ರೋಲ್, ಕಾರ್ಬೊರೇಟರ್

ಸಂಡೂರು, ತೋರಣಗಲ್ಲು ಸುತ್ತಿನ ಅದಿರಿನ ಧೂಳು, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ ಹೊಟ್ಟು, ಶಕ್ತಿನಗರದ ಹಾರುಬೂದಿ. ನಮ್ಮ ಮೂರೂ ಜಿಲ್ಲೆಗಳಲ್ಲಿ ಇಂಜಿನ್‌ಗೆ ದೊಡ್ಡ ಶತ್ರು ಇದೇ. ಚೇತಕ್ ಗಾಳಿ ಎಳೆಯುವುದು ಬಾಡಿಯ ಒಳಗಿನಿಂದ. ಬಾಡಿ ಮತ್ತು ಕಾರ್ಬೊರೇಟರ್ ಡಬ್ಬಿ ನಡುವೆ ಮಡಿಕೆ ಮಡಿಕೆಯ ಒಂದು ರಬ್ಬರ್ ಕೊಳವೆ ಇರುತ್ತದೆ. ಅದು ಹರಿದಿದ್ದರೆ ಚಕ್ರ ಎಬ್ಬಿಸುವ ಧೂಳನ್ನು ಇಂಜಿನ್ ನೇರವಾಗಿ ಕುಡಿಯುತ್ತದೆ. ಹೊಸ ರಿಂಗ್, ಹೊಸ ಬೋರ್ ಬೇಗನೆ ಸವೆಯುತ್ತವೆ. ಬಹಳ ಅಗ್ಗದ ಭಾಗ, ಆದರೂ ಎಲ್ಲರೂ ಮರೆಯುತ್ತಾರೆ. ಹೊಸದೇ ಹಾಕಿ. ಫಿಲ್ಟರ್ ಜಾಲರಿಯನ್ನು ತೊಳೆದು ಆಯಿಲ್ ಸವರಿ ಕೂರಿಸಿ.

ಈಗ ಬಂಕ್‌ಗಳಲ್ಲಿ ಸಿಗುವುದು 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ಹಳೇ ಕಾಲದ ರಬ್ಬರ್ ಇದಕ್ಕೆ ತಡೆಯುವುದಿಲ್ಲ. ಪೆಟ್ರೋಲ್ ಪೈಪ್, ಕಾಕ್ ವಾಷರ್, ಕಾರ್ಬೊರೇಟರ್ ಸೂಜಿ ಎಲ್ಲಾ ಎಥೆನಾಲ್ ತಡೆಯುವಂಥದ್ದು ಕೇಳಿ ತನ್ನಿ. ಎಥೆನಾಲ್ ನೀರು ಹೀರುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲಿಸುವುದಿದ್ದರೆ ಟ್ಯಾಂಕ್, ಕಾರ್ಬೊರೇಟರ್ ಖಾಲಿ ಮಾಡಿ.

ಕಾರ್ಬೊರೇಟರ್ ಹೊಸ ಇಂಜಿನ್‌ನದ್ದನ್ನೇ ಬಳಸಿ, ಎರಡನ್ನೂ ಬೆರೆಸಬೇಡಿ. ಜೆಟ್ ಅಂದರೆ ಪೆಟ್ರೋಲ್ ಹರಿಯುವ ಸೂಕ್ಷ್ಮ ರಂಧ್ರದ ಹಿತ್ತಾಳೆ ತುಂಡು. ಮೈಲೇಜ್ ಆಸೆಗೆ ಚಿಕ್ಕ ಜೆಟ್ ಹಾಕಿಸಬೇಡಿ. ಎಥೆನಾಲ್‌ನಿಂದ ಮಿಶ್ರಣ ಮೊದಲೇ ತೆಳುವಾಗಿರುತ್ತದೆ, ಮೇಲೆ ನಮ್ಮ ಬಿಸಿಲು. ಸ್ವಲ್ಪ ದೂರ ಓಡಿಸಿ ಪ್ಲಗ್ ಬಿಚ್ಚಿ ನೋಡಿ. ಕಾಫಿ ಬಣ್ಣ ಇದ್ದರೆ ಸರಿ. ಬೆಳ್ಳಗಿದ್ದರೆ ಇಂಜಿನ್ ಕಾಯುತ್ತಿದೆ, ಕೂಡಲೇ ದೊಡ್ಡ ಜೆಟ್ ಹಾಕಿ ಅಥವಾ ಎಲ್ಲಿ ಗಾಳಿ ಸೋರುತ್ತಿದೆ ಹುಡುಕಿ. ಕಪ್ಪಗೆ ಒದ್ದೆ ಇದ್ದರೆ ಪೆಟ್ರೋಲ್ ಜಾಸ್ತಿ.

ಹಂತ 9: ಮೊದಲ ಸ್ಟಾರ್ಟ್, ಮೊದಲ 500 ಕಿಲೋಮೀಟರ್

ಟೈಮಿಂಗ್ ಅನ್ನು ಕಾಯಿಲ್ ಪ್ಲೇಟ್ ಮತ್ತು ಕೇಸ್ ಮೇಲಿನ ಗುರುತಿಗೆ ಹೊಂದಿಸಿ. ಟೈಮಿಂಗ್ ಲೈಟ್ ಇರುವ ಗ್ಯಾರೇಜ್ ಸಿಕ್ಕರೆ ಅಲ್ಲಿ ಮತ್ತೊಮ್ಮೆ ನೋಡಿಸಿ. ಹೊಸ ಪಿಸ್ಟನ್ ಪಳಗುವ ತನಕ ಲೀಟರ್‌ಗೆ 30 ಮಿಲಿ 2ಟಿ ಆಯಿಲ್ ಹಾಕಿ, ಆಮೇಲೆ 20 ಮಿಲಿ ಸಾಕು. ಬಂಕ್‌ನಲ್ಲಿ ಆಯಿಲ್ ಮೊದಲು ಸುರಿದು ಆಮೇಲೆ ಪೆಟ್ರೋಲ್ ತುಂಬಿಸಿ, ಗಾಡಿ ಅಲ್ಲಾಡಿಸಿ.

ಮೊದಲ 500 ಕಿಲೋಮೀಟರ್ ಗಂಟೆಗೆ 40ರ ಆಸುಪಾಸು ಇರಲಿ. ಒಂದೇ ವೇಗದಲ್ಲಿ ಎಳೆಯಬೇಡಿ, ಏರಿಳಿತ ಇರಲಿ. ಬೆಳಿಗ್ಗೆ, ಸಂಜೆ ಓಡಿಸಿ. ಬೇಸಿಗೆಯ ಮಧ್ಯಾಹ್ನ ಹೆದ್ದಾರಿಗೆ ಹೋಗಬೇಡಿ. ಸಂಡೂರು ಗುಡ್ಡ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರ್‌ನಲ್ಲೇ ಇಳಿದರೆ ಪೆಟ್ರೋಲ್ ಹೋಗುವುದಿಲ್ಲ, ಅದರ ಜೊತೆಗಿನ ಆಯಿಲ್ ಕೂಡ ಹೋಗುವುದಿಲ್ಲ. ಇಂಜಿನ್ ಮಾತ್ರ ಸುತ್ತುತ್ತಲೇ ಇರುತ್ತದೆ. ನಡುನಡುವೆ ಕ್ಲಚ್ ಹಿಡಿದು ಸ್ವಲ್ಪ ಆಕ್ಸಿಲರೇಟರ್ ಕೊಡಿ. ಓಡುತ್ತಾ ಇಂಜಿನ್ ಹಿಡಿದುಕೊಂಡಂತೆ ಎಳೆತ ಕಡಿಮೆಯಾದರೆ ಆ ಕ್ಷಣವೇ ಕ್ಲಚ್ ಹಿಡಿಯಿರಿ. ಇಲ್ಲದಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಬೀಳುತ್ತೀರಿ. ಪಕ್ಕಕ್ಕೆ ನಿಲ್ಲಿಸಿ, ಪೂರ್ತಿ ಆರುವ ತನಕ ಕಿಕ್ ಹೊಡೆಯಬೇಡಿ, ನೀರು ಸುರಿಯಬೇಡಿ.

ಮೊದಲ ವಾರ ಮುಗಿದ ಮೇಲೆ ಹೆಡ್ ನಟ್, ಸೈಲೆನ್ಸರ್ ಕ್ಲ್ಯಾಂಪ್, ಮುಂದಿನ ಉದ್ದನೆಯ ಬೋಲ್ಟ್, ಹಿಂದಿನ ಚಕ್ರದ ನಟ್‌ಗಳನ್ನು ಇಂಜಿನ್ ತಣ್ಣಗಿರುವಾಗ ಮತ್ತೆ ಬಿಗಿ ನೋಡಿ. ಹೊಸ ಕೇಬಲ್‌ಗಳು ಎಳೆದಿರುತ್ತವೆ, ಕ್ಲಚ್ ಮತ್ತು ಗೇರ್ ಇನ್ನೊಮ್ಮೆ ಹೊಂದಿಸಿ. 500 ಕಿಲೋಮೀಟರ್ ಆದಾಗ ಗೇರ್ ಆಯಿಲ್ ಬದಲಿಸಿ. ಹಳೇ ಆಯಿಲ್‌ನಲ್ಲಿ ಮಿನುಗುವ ಸಣ್ಣ ಪುಡಿ ಇದ್ದರೆ ಪರವಾಗಿಲ್ಲ, ಕಡ್ಡಿಯಂಥ ಚೂರುಗಳಿದ್ದರೆ ಗೇರ್‌ಬಾಕ್ಸ್ ತೆರೆಯಬೇಕು.

ಈ ನಡುವೆ ಆ 14 ದಿನದ ಲೆಕ್ಕ ತಪ್ಪಬಾರದು. ಅನುಮತಿ ಪತ್ರ, ಇಂಜಿನ್ ಬಿಲ್, ಎರಡೂ ಆರ್‌ಸಿ ಪ್ರತಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಹಿಡಿದು ಗಾಡಿಯ ಜೊತೆ ಆರ್‌ಟಿಓಗೆ ಹೋಗಿ. ಇನ್ಸ್‌ಪೆಕ್ಟರ್ ನೋಡುವ ಮುಂಚೆ ಇಂಜಿನ್ ನಂಬರ್ ಮೇಲಿನ ಗ್ರೀಸ್ ಒರೆಸಿಡಿ. ಹೊಸ ನಂಬರ್ ಆರ್‌ಸಿಗೆ ಬಂದ ದಿನವೇ ಇನ್ಶೂರೆನ್ಸ್ ಕಂಪನಿಗೂ ಬರವಣಿಗೆಯಲ್ಲಿ ತಿಳಿಸಿ, ಪಾಲಿಸಿಯಲ್ಲಿ ತಿದ್ದಿಸಿಕೊಳ್ಳಿ. ಪಾಲಿಸಿಯಲ್ಲಿ ಹಳೇ ನಂಬರ್, ಗಾಡಿಯಲ್ಲಿ ಹೊಸ ನಂಬರ್ ಇದ್ದರೆ ಅಪಘಾತವಾದಾಗ ಪರಿಹಾರ ಸಿಗುವುದು ಕಷ್ಟ.